ಸತ್ತ ಹೆಂಡತಿಯ ಯೋಗಕ್ಷೇಮ

ಲಕಮನಹಳ್ಳಿ, ಧಾರವಾಡ
೧೪ ಏಪ್ರಿಲ್ ೧೯೫೯

ನಮ್ಮ ಮನಿಯವರಿಗೆ, ಸತ್ತುಹೋದ ನಿಮ್ಮ ಹೆಂಡತಿ ಶೇವಂತೆವ್ವ ಮಾಡುವ ನಮಸ್ಕಾರ.

ನಿಮ್ಮ ತಬ್ಯೇತ ಹೆಂಗೈತ್ರಿ? ಸೊಲ್ಲಾಪುರದ ಗಿರಣಿ ಧೂಳಿಗೆ ಕೆಮ್ಮು ಬರತಿತ್ತಲ್ಲ, ಕಮ್ಮಿ ಆತೇನು? ಇಲ್ಲಿ ಅತ್ತಿಯವರು ಆರಾಮ ಅದಾರ. ನಾನೂ ಆರಾಮ, ಸತ್ತವರು ಇರಬೇಕಾದ್ದಕ್ಕಿಂತ ತುಸು ಹೆಚ್ಚೇ. ಮೊನ್ನೆ ನಿಮ್ಮ ಉಡಚಪ್ಪ ಕಾಕಾ ಬಂದಿದ್ದರು. ಬಾಗಿಲದಾಗ ನನ್ನ ಕಂಡು ಅವರ ಬಾಯಾಗಿನ ಎಲಿ ಅಡಕಿ ನೆಲಕ್ಕ ಬಿತ್ತು. ನಾನು ಸಿಡುಬಿನಾಗ ತೀರಿಕೊಂಡೆ ಅಂತ ಹೇಳಿ, ಹಳೇ ಹುಬ್ಬಳ್ಳಿಯಾಗ ಇನ್ನೊಂದು ಹೆಣ್ಣು ಗೊತ್ತು ಮಾಡಿಕೊಂಡೀರಂತ. ಅತ್ತಿಯವರು "ನನ್ನ ಮಗ ಅಂಥಾವಲ್ಲ" ಅಂತ ಇನ್ನೂ ಅನ್ನಾಕತ್ತಾರ. ಕಾಕಾಗ ಚಾ ಕೊಟ್ಟೆ. ಸತ್ತವಳ ಕೈಯ ಚಾ ಅಂತ ಬಿಡಲಿಲ್ಲ, ಎರಡನೇ ಕಪ್ಪೂ ಕೇಳಿದರು.

ನೀವು ಹೇಳಿದ್ದು ಪೂರಾ ಸುಳ್ಳೂ ಅಲ್ಲ. ಜ್ವರ ಬಿಟ್ಟ ಮ್ಯಾಲೂ ಗ್ವಾಡಿ ಕಡೆ ಮಾರಿ ಮಾಡಿ ಮಲಗಿದಾಕಿ ಹೊಳ್ಳಲಿಲ್ಲ. ಅತ್ತಿಯವರು ಕನ್ನಡಿ ತೆಗೆದು ಅಟ್ಟಕ್ಕ ಹಾಕಿದರು. ಓಣಿಯವರು ಮಜ್ಜಿಗಿ ತಂದರ ಹೊಸ್ತಿಲದಾಚೆ ಇಟ್ಟು ಹೋಗತಿದ್ದರು. ನೀವು ಬಂದಿರಿ, ಮೂಗಿಗೆ ಕರವಸ್ತ್ರ ಹಿಡಿದು ಬಾಗಿಲದಾಗ ನಿಂತಿರಿ, ಸಂಜಿ ಗಾಡಿಗೇ ಹೋದಿರಿ. ಡಾಕ್ಟರು "ಜಡ್ಡು ಹೋಗೇತಿ, ಏಳವಾ" ಅಂದರು. ಯಾಕ ಏಳಬೇಕು ಅನ್ನೂದನ್ನ ಅವರು ಹೇಳಲಿಲ್ಲ. ಆಮ್ಯಾಲೆ ಬಳಿಗಾರ್ತಿ ಕರೀಮಾಬಿ ಬಂದು, ಕೇಳದನ ನನ್ನ ಕೈ ಎಳಕೊಂಡು ಬಳಿ ಏರಿಸಿದಳು. ಎಷ್ಟೋ ದಿನದ ಮ್ಯಾಲೆ ಒಬ್ಬರು ನನ್ನ ಮುಟ್ಟಿದ್ದು. "ಮಾರಿ ಕೆಟ್ಟರ ಕೆಡಲಿ, ಕೈ ಅದಾವಲ್ಲ. ಬುಟ್ಟಿ ಹೊರು ಬಾ" ಅಂದಳು. ಸೆರಗು ಮಾರಿಗೆ ಎಳಕೊಂಡು ಹೊಂಟೆ. ಈಗ ನನ್ನದೇ ಬುಟ್ಟಿ ಐತಿ. ಧಂದೆದ ಒಂದು ಗುಟ್ಟು ಹೇಳತೇನಿ: ನನ್ನ ಕಂಡು ಕನಿಕರ ಪಡುವವರು ಚೌಕಾಸಿ ಮಾಡೂದಿಲ್ಲ. ಅಂಥವರಿಗೆ ನಾನೂ ದರ ಇಳಿಸೂದಿಲ್ಲ.

ಕಾಕಾ ಸುದ್ದಿ ಹೇಳಿದ ದಿನ ಹೊಟ್ಟಿ ತುಂಬ ರೊಟ್ಟಿ ಉಂಡೆ, ಕನ್ನಡಿ ಇಳಿಸಿ ಪಡಸಾಲಿಯಾಗ ಹಾಕಿದೆ. ದಿನಾ ನೋಡತೇನಂತಲ್ಲ. ಆದರ ಅವತ್ತಿನಿಂದ ಸೆರಗು ಮಾರಿ ಮ್ಯಾಲೆ ಬಂದಿಲ್ಲ. ಡಾಕ್ಟರ ಟಾನಿಕ್ಕಿನಾಗ ಇಲ್ಲದ ಕಸುವು ನಿಮ್ಮ ಸುಳ್ಳಿನಾಗ ಇತ್ತು ನೋಡ್ರಿ.

ಅತ್ತಿಯವರು ನಿಮಗ ಆಶೀರ್ವಾದ ಬರಿ ಅಂದಾರ, ಬರದೇನಿ. ನನ್ನ ಕಡಿಯಿಂದ ಅದರಾಗ ಏನೂ ಕೂಡಿಸಿಲ್ಲ.

ಶೇವಂತೆವ್ವ

ತಾ. ಕ.: ಟಪಾಲು ಹೊಂಟೈತಿ, ಲಗೂ ಬರೀತೇನಿ. ನೀವು ಗೊತ್ತು ಮಾಡಿಕೊಂಡ ಹುಬ್ಬಳ್ಳಿ ಹುಡುಗಿ ಸಾವಂತ್ರೆವ್ವಗ ಮದಿವಿ ಬಳಿ ಇಡಾಕ ಅವರ ಮನಿಯವರು ಕರೀಮಾಬಿಗೆ ಹೇಳಿಕಳಿಸ್ಯಾರ. ಆಕಿ ಮೊಣಕಾಲು ನೋವು ಅಂತ ನನ್ನ ಕಳಸಾಕತ್ತಾಳ. ನೋವು ಎಷ್ಟು ಖರೇ ಅಂತ ನಾ ಕೇಳಿಲ್ಲ. ಹಸಿರು ಬಳಿ ಒಡೀದಂಗ ಏರಿಸೂದು ನಿಧಾನದ ಕೆಲಸ, ಅಲ್ಲೀತನಕ ಹುಡುಗಿ ಕೈ ನನ್ನ ಕೈಯಾಗ ಇರತೇತಿ. ಹೊಸ ಬಳಿಗಾರ್ತಿ ಅಂದರ ಯಾರ ಪೈಕಿ, ಗಂಡ ಯಾರು ಅಂತ ಹೆಂಗಸರು ಕೇಳೇ ಕೇಳತಾರ. ಗಂಡನ ಹೆಸರು ಹಿಡಿಯಬಾರದು ಅಂತ, ಮದಿವ್ಯಾಗ ಒಡಪು ಹಚ್ಚಿ ಪದದಾಗ ಸೇರಿಸಿ ಹೇಳಿದ್ದು ಬಿಟ್ಟರ ನಿಮ್ಮ ಹೆಸರು ನನ್ನ ಬಾಯಾಗ ಬಂದಿಲ್ಲ. ಅವತ್ತು ಒಡಪಿಲ್ಲದ ಹೇಳತೇನಿ, ಅಪ್ಪನ ಹೆಸರು, ಅಡ್ಡಹೆಸರು ಸಹಿತ.