ಅವಸರದ ಭಟ್ಟಿಯಿಂದ ಬಂದ ಸೊಂಟದ ಗುಂಡು

ಮಾನ್ಯ ಔಷಧ ನಿಯಂತ್ರಣಾಧಿಕಾರಿಗಳೇ,

ನನ್ನ ಹೆಂಡತಿ ಪಾರವ್ವನ ಸೊಂಟದ ಕೀಲಿಗೆ ಕೂರಿಸಿದ್ದ ಪಿಂಗಾಣಿ ಗುಂಡು ಹದಿಮೂರೇ ತಿಂಗಳಿಗೆ ಒಡೆದು ಚೂರಾಯಿತು. ಅಂಥದೇ ಗುಂಡು ಪುಣೆಯಲ್ಲಿ ಇವತ್ತೂ ಮಾರಾಟವಾಗುತ್ತಿದೆ. ದೂರು ಕೊಟ್ಟು ಐದು ತಿಂಗಳಾದರೂ ತಮ್ಮ ನೆಮ್ಮದಿಗೆ ಭಂಗ ಬಂದಂತಿಲ್ಲ.

2001ರ ಡಿಸೆಂಬರಿನಲ್ಲಿ ನಾವಿಬ್ಬರೂ ಜೇಜುರಿಯ ಗುಡ್ಡದ ಗುಡಿಗೆ ಮೆಟ್ಟಿಲು ಹತ್ತುತ್ತಿದ್ದೆವು. ಒಣಕಟ್ಟಿಗೆ ಮುರಿದಂಥ ಸದ್ದು ನನಗೂ ಕೇಳಿಸಿತು. “ರೀ, ಒಳಗ ಏನೋ ಒಡೀತ್ರೀ!” ಎಂದು ಅಲ್ಲೇ ಕುಸಿದಳು. ಮಾಂಸದಲ್ಲಿ ಹೂತಿದ್ದ ಚೂರುಗಳನ್ನು ಆರಿಸಲು ಡಾಕ್ಟರರಿಗೆ ನಾಲ್ಕು ತಾಸು ಹಿಡಿಯಿತು. ಮಾರ್ಕೆಟ್ ಯಾರ್ಡಿನಲ್ಲಿ ಇಪ್ಪತ್ತು ವರ್ಷ ನಿಂತೇ ಹೂವು ಮಾರಿದವಳು ಈಗ ಬಚ್ಚಲಿಗೂ ಮಗಳ ಹೆಗಲು ಹಿಡಿದು ಹೋಗುತ್ತಾಳೆ.

“ಬಿದ್ದಿರಬೇಕು” ಎಂದಿತು ಕಂಪನಿ. ನಾನು ವಿದ್ಯುತ್ ಕಂಬದ ಪಿಂಗಾಣಿ ಸುಡುವ ಭಟ್ಟಿಯಲ್ಲಿ ಇಪ್ಪತ್ತಾರು ವರ್ಷ ದುಡಿದವನು. ಚೂರುಗಳನ್ನು ಬಿಸಿಲಿಗೆ ಹಿಡಿದೆ. ಅಂಚು ಗಾಜಿನಂತೆ ಬಿಗಿ, ನಡುಭಾಗ ಸೀಮೆಸುಣ್ಣದಂತೆ ಸಡಿಲ. ಒಳಗೆ ಬೆಂದೇ ಇಲ್ಲ! ಆ ಕಾರ್ಖಾನೆಯ ಕೆಲಸಗಾರನೊಬ್ಬನನ್ನು ಹುಡುಕಿ ಕೇಳಿದೆ. ಹೆಸರು ಬರೆದರೆ ಅವನ ಕೆಲಸ ಹೋದೀತು.

“ಮೊದಲೆಲ್ಲಾ ಎರಡೆರಡು ದಿನ ಭಟ್ಟಿ ಮುಚ್ಚಿ ಇಡ್ತಿದ್ವಿರೀ. ಈಗ ಉದ್ದನ್ನ ಭಟ್ಟಿ ತಂದಾರ. ಮಾಲು ಗಾಡಿ ಮ್ಯಾಲೆ ಈ ಕಡೆ ಹೊಕ್ಕು ಆ ಕಡೆ ಬರ್ತದ. ಕಾವು ಒಳಗ ಇಳಿಯೂದರಾಗ ಹೊರಗ! ಆರ್ಡರ್ ಭಾಳ ಅದಾವ್ರೀ” ಎಂದ.

ಪುಡಿ ಅದೇ, ಅಚ್ಚು ಅದೇ, ಹೊಳಪೂ ಅದೇ. ಬದಲಾದದ್ದು ಸುಡುವ ಕ್ರಮವೊಂದೇ. ಹಳೆಯ ಭಟ್ಟಿಯ ಗುಂಡು ಹಾಕಿಸಿಕೊಂಡ ನಮ್ಮ ನೆರೆಯ ಪಂಕಜಾಕ್ಷಿಯವರು ಏಳು ವರ್ಷದಿಂದ ನಡೆದಾಡುತ್ತಿದ್ದಾರೆ.

ಇದನ್ನೆಲ್ಲ ಹೇಳಲು ಬಂದರೆ ತಮ್ಮ ಗುಮಾಸ್ತರು ಚೂರುಗಳತ್ತ ಕಣ್ಣೂ ಹಾಯಿಸಲಿಲ್ಲ. “ಹೇ ಔಷಧ ನಾಹೀ, ಕಾಕಾ” ಎಂದರು. ಔಷಧವಲ್ಲವಂತೆ, ಆದ್ದರಿಂದ ತಮಗೆ ಸಂಬಂಧವಿಲ್ಲವಂತೆ! ಅರೆದು ಕುಡಿಸಿದ್ದರೆ ಸಂಬಂಧ ಬರುತ್ತಿತ್ತೇ? ಕೆಮ್ಮಿನ ಶೀಶೆಗೆ ಬೇಕಾದ ಪರವಾನಗಿ ಎಲುಬಿನ ಜಾಗದಲ್ಲಿ ಕೂರುವ ವಸ್ತುವಿಗೆ ಬೇಡವೇ? ಸುಟ್ಟ ಇಟ್ಟಿಗೆಯನ್ನೂ ಗೌಂಡಿ ಒಮ್ಮೆ ತಟ್ಟಿ ನೋಡುತ್ತಾನೆ, ಮಹಾಸ್ವಾಮಿ.

ಅದೇ ಸರಕಿನ ಗುಂಡು ಇನ್ನೂ ಹನ್ನೊಂದು ಮಂದಿಯ ಮೈಯೊಳಗಿದೆ ಎಂದು ಆಸ್ಪತ್ರೆ ಒಪ್ಪಿದೆ. ಹೆಸರು ಮಾತ್ರ ಕೊಡುವುದಿಲ್ಲ. ನಾನು ಕೂಗಾಡುವುದನ್ನು ಕೇಳಿ ಪಾರವ್ವ ಹಾಸಿಗೆಯಿಂದಲೇ ಹೇಳಿದಳು: “ನಂದು ಹೋತು ಬಿಡ್ರಿ. ಅವರಿಗರೆ ಯಾರರೆ ಹೇಳ್ರಿ.”

ನನಗೆ ಪರಿಹಾರ ಬೇಡ. ಆ ಸರಕಿನ ಮಾರಾಟ ಇಂದೇ ನಿಲ್ಲಿಸಿ. ಭಟ್ಟಿ ಬದಲಿಸಿದವರು ಪ್ರತಿ ಸರಕಿನಲ್ಲೂ ಕೆಲವು ಗುಂಡುಗಳನ್ನು ಮೊದಲು ಒಡೆದು ಪರೀಕ್ಷಿಸಲಿ, ಆಮೇಲೆ ಉಳಿದವನ್ನು ಮಾರಲಿ. ಆಸ್ಪತ್ರೆಯಿಂದ ಹೆಸರು ತರಿಸಿಕೊಂಡು ಆ ಹನ್ನೊಂದು ಮನೆಗಳಿಗೆ ಈ ವಾರವೇ ತಮ್ಮ ಸಿಬ್ಬಂದಿಯನ್ನು ಕಳಿಸಿ. ಅವರಲ್ಲಿ ಯಾರೋ ಈಗ ಮೆಟ್ಟಿಲು ಹತ್ತುತ್ತಿರಬಹುದು.

ಇಂತಿ,
“ಲೋಹದ್ದು ಬ್ಯಾಡ್ರಿ, ಪಿಂಗಾಣಿ ನನಗ ಗೊತ್ತದ” ಎಂದು ಡಾಕ್ಟರರನ್ನು ಒತ್ತಾಯಿಸಿ ಒಪ್ಪಿಸಿದ ಮೂರ್ಖ,
ರಾಮಲಿಂಗಪ್ಪ
ಪುಣೆ, ಮೇ 2002