ಇಬ್ರಾದ ಮರಳಿನಲ್ಲಿ ತಮ್ಮನ ಡ್ರೈವಿಂಗ್

ಇಬ್ರಾ, ಒಮಾನ್
ಶುಕ್ರವಾರ, ೧೫-೧-೧೯೯೩

ದೊಡ್ಡಕ್ಕನಿಗೆ,

ಮರಳುಗುಡ್ಡ ತೋರಿಸಲು ಭೋಜರಾಜ ಇವತ್ತು ಜೀಪಿನಲ್ಲಿ ಕರೆತಂದ. ಊರಿಗೆ ಬಂದಮೇಲೆ ನಾನೂ ಡ್ರೈವಿಂಗ್ ಕಲಿಯುತ್ತೇನೆ ಎಂದೆ. "ನಲವತ್ತೆಂಟಕ್ಕೆ ನಿನಗೆ ಅದೆಲ್ಲ ಎಂತಕ್ಕೆ ಅಕ್ಕ? ಕವಿತೆ ಓದಿಕೊಂಡು ಹಾಯಾಗಿರು ಮಾರಾಯ್ತಿ" ಎಂದು ನಕ್ಕ.

ದೂರದ ದಾರಿಯೆಂದು ಟೈರುಗಳಿಗೆ ಗಾಳಿಯನ್ನು ಗಟ್ಟಿಯಾಗಿ ತುಂಬಿಸಿದ್ದ ನಮ್ಮ ಪಂಡಿತ, ಮೊದಲ ದಿಬ್ಬದಲ್ಲೇ ಜೀಪನ್ನು ಅರ್ಧ ಹೂತುಹಾಕಿದ. ಆಗ ಮರುಭೂಮಿಯ ಬೆದುವಿನ್ ಹೆಂಗಸೊಬ್ಬಳು ಪಿಕಪ್ ಓಡಿಸಿಕೊಂಡು ಬಂದಳು. ಮುಖಕ್ಕೆ ಕರಿ ಬುರ್ಖಾ, ಕಣ್ಣು ನೋಡಿದರೆ ನನ್ನದೇ ಪ್ರಾಯ. ಇಳಿದವಳೇ ನಮ್ಮ ಟೈರುಗಳ ಗಾಳಿ ಬಿಡತೊಡಗಿದಳು.

"ಅಯ್ಯೋ, ಪಂಚರ್ ಮಾಡ್ತಾಳೆ ಇವಳು!" ಎಂದು ಭೋಜ ಬೊಬ್ಬೆ ಹಾಕಿದ. ಮೆತ್ತಗಿನ ಟೈರು ಮರಳಿನಲ್ಲಿ ಹೂತುಹೋಗುವುದಿಲ್ಲವೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಅವಳು ಅವನನ್ನು ಸೀಟಿನಿಂದ ಇಳಿಸಿ, ತಾನೇ ಕುಳಿತು, ಜೀಪನ್ನು ಸಲೀಸಾಗಿ ಮೇಲೆ ತಂದಳು. "ಖಲಾಸ್" ಎಂದು, ಅವನತ್ತ ನೋಡದೆ, ಕೀಯನ್ನು ನನ್ನ ಕೈಗೆ ಕೊಟ್ಟು ಹೋದಳು.

ನೀನು ಕೇಳಿದ್ದ ನನ್ನ ಮಂಡಿನೋವು ಈಗಿಲ್ಲ. ಉಡುಪಿಯ ಡ್ರೈವಿಂಗ್ ಸ್ಕೂಲಿನಲ್ಲಿ ಫೆಬ್ರವರಿಯಿಂದ ನನ್ನ ಹೆಸರು ಬರೆಸಿಡು, ಫೀಸು ಬಂದು ಕೊಡುತ್ತೇನೆ. ಅಂಚೆ ಡಬ್ಬಿಯ ಪಕ್ಕ ನಿಂತು ಬರೆಯುತ್ತಿದ್ದೇನೆ. ಭೋಜ ಹಾರ್ನ್ ಹೊಡೆಯುತ್ತಿದ್ದಾನೆ, ಹೊಡೆಯಲಿ.

ನಿನ್ನ
ವಾರಿಜಾಕ್ಷಿ