ಬೀಡಿ ಕೆಮ್ಮು

ಕಾಪು
ಶುಕ್ರವಾರ, 14 ನವೆಂಬರ್ 2025

ಪ್ರೀತಿಯ ಯಶ್ಮಿ,

ಈ ಕಾಗದದಲ್ಲಿ ಅಪ್ಪನ ಹೆಸರು ಎತ್ತುವುದೇ ಬೇಡ ಎಂದುಕೊಂಡಿದ್ದೆ. ನನ್ನ ಕೈಯ ಸಂಗತಿಯಷ್ಟನ್ನೇ ಬರೆದು ಮುಗಿಸಿದರೆ ಯಾರಿಗೂ ನೋವಾಗುವುದಿಲ್ಲ ಎಂದು ಅಮ್ಮನೂ ಹೇಳಿದರು. ಹಾಗೆ ಬರೆದದ್ದನ್ನು ಹರಿದು ಹಾಕಿ ಇದನ್ನು ಶುರು ಮಾಡಿದ್ದೇನೆ. ಅದಿರಲಿ, ಮೊದಲು ನೀನು ಹೇಗಿದ್ದೀಯಾ? ಸೊಂಟನೋವು ಕಡಿಮೆಯಾಯಿತಾ? ಪುಟ್ಟಿ ರಾಗಿ ಮಣ್ಣಿ ತಿನ್ನುತ್ತಾಳಾ, ಇನ್ನೂ ತುಟಿ ಬಿಗಿಹಿಡಿದು ಮುಖ ತಿರುಗಿಸುತ್ತಾಳಾ? ಈಚೆಗೆ ತೂಕ ನೋಡಿಸಿದ್ದೀಯಾ? ಇದನ್ನೆಲ್ಲ ಅವಳ ದೊಡ್ಡಮ್ಮನಾಗಿ ಕೇಳುತ್ತಿದ್ದೇನೋ ನರ್ಸ್ ಆಗಿ ಕೇಳುತ್ತಿದ್ದೇನೋ ನನಗೇ ಸರಿಯಾಗಿ ಗೊತ್ತಿಲ್ಲ. ಇಬ್ಬರಿಗೂ ಉತ್ತರ ಬೇಕು.

ಫೋನ್ ಬಿಟ್ಟು ಕಾಗದ ಯಾಕೆ ಎಂದು ನಿನಗೆ ಅನಿಸಬಹುದು. ನಾನು ಫೋನ್ ಮಾಡಿದ ಕೂಡಲೇ ನಿನ್ನ ಅತ್ತೆ "ಸ್ಪೀಕರಿಗೆ ಹಾಕು, ನಮಗೂ ಕೇಳಲಿ" ಎನ್ನುತ್ತಾರೆ. ಬೇಬಿ ಅತ್ತೆಯವರಿಗೆ ಅದು ಪ್ರೀತಿಯೇ, ನಾನು ತಪ್ಪು ಹೇಳುವುದಿಲ್ಲ. ವಾಟ್ಸಾಪಿನಲ್ಲಿ ಬರೆದರೆ ಮೊದಲ ಸಾಲು ತಾನಾಗಿ ಮೇಲೆ ಮೂಡುತ್ತದೆ, ನಿನ್ನ ಫೋನ್ ಸದಾ ಅಡುಗೆಮನೆಯ ಕಟ್ಟೆಯ ಮೇಲೆ ಬಿದ್ದಿರುತ್ತದೆ. ಕಾಗದವಾದರೆ ಕೋಣೆಯ ಬಾಗಿಲು ಹಾಕಿಕೊಂಡು ಓದಬಹುದು, ಎರಡನೇ ಸಲ ಓದಬಹುದು. ನನ್ನ ಒತ್ತಕ್ಷರ ನೋಡಿ ನಗಬೇಡ. ಆಸ್ಪತ್ರೆಯಲ್ಲಿ ಬರೆಯುವುದೆಲ್ಲ ಇಂಗ್ಲಿಷಿನಲ್ಲಿ, ನಿನ್ನೊಡನೆ ಮಾತು ತುಳುವಿನಲ್ಲಿ. ಕನ್ನಡ ಬರೆಯಲು ಕೂತರೆ ಶಾಲೆಯ ಪರೀಕ್ಷೆಗೆ ಕೂತ ಹಾಗೆ ಆಗುತ್ತದೆ.

ಕಳೆದ ತಿಂಗಳು ನಮ್ಮ ವಾರ್ಡಿನಲ್ಲಿ ಇದ್ದುಹೋದ ಒಬ್ಬ ರೋಗಿಗೆ ಟಿಬಿ ಎಂದು ತಡವಾಗಿ ಗೊತ್ತಾಯಿತು. ಅವರನ್ನು ನೋಡಿಕೊಂಡ ನಮಗೆಲ್ಲ ಚರ್ಮದ ಪರೀಕ್ಷೆ ಮಾಡಿದರು. ಮುಂಗೈಯ ಒಳಬದಿಗೆ ಸಣ್ಣ ಸೂಜಿ, ಎರಡು ಮೂರು ದಿನ ಬಿಟ್ಟು ಅಲ್ಲಿ ಎಷ್ಟು ಗಟ್ಟಿ ಎದ್ದಿದೆ ಎಂದು ಅಳೆಯುವುದು, ಅಷ್ಟೆ. ಕೆಂಪಾದದ್ದು ಲೆಕ್ಕಕ್ಕಿಲ್ಲ, ಗಟ್ಟಿಯಾದದ್ದು ಮಾತ್ರ ಲೆಕ್ಕ. ನಾನು ಎಷ್ಟೋ ಮಂದಿಯ ಕೈಯನ್ನು ಹಾಗೆ ಸವರಿ ನೋಡಿದ್ದೇನೆ. ನನ್ನದನ್ನು ಮಾತ್ರ ಮುಟ್ಟಿ ನೋಡದೆ "ಕೆಂಪು, ಕೆಂಪು ಅಷ್ಟೆ" ಎಂದುಕೊಂಡು ತೋಳು ಮುಚ್ಚಿ ತಿರುಗಿದೆ. ಅಳೆಯುವ ದಿನ ನನ್ನ ಜೊತೆ ವಾರ್ಡಿನಲ್ಲಿರುವ ಕ್ಯಾರೆನ್ ತನ್ನ ಕೈ ಚಾಚಿದಳು, ಸೊಳ್ಳೆ ಕಚ್ಚಿದಷ್ಟೂ ಇಲ್ಲ. ನನ್ನದನ್ನು ನೋಡಿ "ಎಂತ ಮಾರಾಯ್ತಿ, ಕೈಯಲ್ಲಿ ಗೋಳಿಬಜೆ ಎದ್ದಿದೆ ಅಲ್ವಾ!" ಎಂದು ನಕ್ಕಳು. ನಾನೂ ನಕ್ಕೆ. ಡಾಕ್ಟರ್ ಚರ್ಮದ ಮೇಲೆ ಎಳೆಯುತ್ತ ಬಂದ ಪೆನ್ನು, ಗಟ್ಟಿ ಶುರುವಾಗುವಲ್ಲಿ ತಡೆದು ನಿಂತಾಗ ಇಬ್ಬರೂ ನಗು ನಿಲ್ಲಿಸಿದೆವು. ಹದಿನೇಳು ಮಿಲಿಮೀಟರ್. ಹೆದರಬೇಡ, ಎಕ್ಸ್‌ರೇ ತೆಗೆದರು, ನನ್ನ ಶ್ವಾಸಕೋಶ ಶುಭ್ರವಾಗಿದೆ. ಸೋಂಕು ನನ್ನೊಳಗೆ ಮಲಗಿದೆ, ರೋಗವಾಗಿ ಎದ್ದಿಲ್ಲ. ಹಾಗೆ ಮಲಗಿದ್ದು ಇನ್ನೊಬ್ಬರಿಗೆ ಹೋಗುವುದಿಲ್ಲ. ಈ ಮಾತನ್ನು ನೆನಪಿಟ್ಟುಕೋ, ಮುಂದೆ ಬೇಕಾಗುತ್ತದೆ.

ಡಾಕ್ಟರ್ ಒಂದು ಪ್ರಶ್ನೆ ಕೇಳಿದರು. "ಮನೆಯಲ್ಲಿ ಯಾರಿಗಾದರೂ ಕೆಮ್ಮು ಉಂಟಾ ಸಿಸ್ಟರ್?" ನಾನು "ಇಲ್ಲ" ಎಂದೆ. ಯೋಚಿಸಿ ಹೇಳಿದ್ದಲ್ಲ, ಮುಚ್ಚಿಡಲು ಹೇಳಿದ್ದೂ ಅಲ್ಲ. ನಿಜವಾಗಿಯೂ ಇಲ್ಲ ಎಂದೇ ನನಗೆ ಅನಿಸಿತ್ತು. ಅಂದು ಸಂಜೆ ಬಸ್ಸಿಳಿದು ನಮ್ಮ ಓಣಿಗೆ ತಿರುಗಿದೆ. ಗೇಟಿನ ಹತ್ತಿರ ಬರುವಾಗ ಜಗಲಿಯಿಂದ ಅಪ್ಪ ಕೆಮ್ಮುವುದು ಕೇಳಿಸಿತು. ದಿನವೂ ಕೇಳುವುದೇ. ಅದು ಕೇಳಿದರೆ ಅಪ್ಪ ಮನೆಯಲ್ಲಿದ್ದಾರೆ ಎಂದು ಅರ್ಥ, ಬೇರೇನೂ ಅರ್ಥವಿರಲಿಲ್ಲ. ನಾವು ಅದನ್ನು ಕೆಮ್ಮು ಎಂದು ಯಾವತ್ತು ಕರೆದಿದ್ದೇವೆ ಹೇಳು? ದೋಣಿಗೆ ಹೋಗುತ್ತಿದ್ದ ಕಾಲದಿಂದಲೂ ಅದು "ಅಪ್ಪನ ಬೀಡಿ ಕೆಮ್ಮು". ಹೆಸರು ಇಟ್ಟಾಗಿತ್ತು, ಕಾರಣವೂ ಹೆಸರಿನಲ್ಲಿಯೇ ಇತ್ತು, ಮತ್ತೆ ಕೇಳುವುದೇನು? ಈ ಮಳೆಗಾಲದಿಂದ ಅದು ಬೇರೆ ಕೆಮ್ಮಾಗಿತ್ತು. ಅವರ ಅಂಗಿ ಹೆಗಲಲ್ಲಿ ಜೋತುಬಿದ್ದಿತ್ತು. ಕಾಣಲಿಲ್ಲವಾ, ಕಂಡರೂ ಆ ಹೆಸರಿನ ಕೆಳಗೆ ತಳ್ಳಿದೆನಾ, ಗೊತ್ತಿಲ್ಲ. ಮರುದಿನವೇ ಆಸ್ಪತ್ರೆಯಿಂದ ಕಫ ಪರೀಕ್ಷೆಯ ಡಬ್ಬಿ ತಂದೆ.

ಕಫದ ಡಬ್ಬಿ ಕೊಟ್ಟಾಗ ಅಪ್ಪ ನನ್ನನ್ನು ಕೆಕ್ಕರಿಸಿ ನೋಡಿದರು. "ಡಬ್ಬಿಗೆ ಉಗುಳಲು ನನಗೆಂತ ಮರುಳಾ? ಸಮುದ್ರ ಇರುವುದು ಎಂತಕ್ಕೆ?" ಆಮೇಲೆ ಅಮ್ಮ ಬೀಡಿಕಟ್ಟನ್ನು ಎತ್ತಿಟ್ಟು, ಡಬ್ಬಿ ತುಂಬದೆ ಇದು ಸಿಗುವುದಿಲ್ಲ ಎಂದಾಗ ಅಪ್ಪ ಬೆನ್ನು ತಿರುಗಿಸಿ ಕಫ ಕೊಟ್ಟರು. ನಿನ್ನೆ ಫಲಿತಾಂಶ ಬಂತು. ಅಪ್ಪನಿಗೆ ಟಿಬಿ ಉಂಟು ಯಶ್ಮಿ. ಇವತ್ತಿನಿಂದ ಮಾತ್ರೆ ಶುರುವಾಗಿದೆ. ಸಾಮಾನ್ಯ ಔಷಧಿಗೇ ಬಗ್ಗುವ ಜಾತಿ ಎಂದು ಪರೀಕ್ಷೆಯಲ್ಲಿ ಗೊತ್ತಾಗಿದೆ, ತಪ್ಪದೆ ನುಂಗಿದರೆ ಪೂರ್ತಿ ಗುಣವಾಗುತ್ತದೆ. ನಾನು ಒಳಗೆ ಮಲಗಿಸಿಕೊಂಡಿರುವ ಸೋಂಕು ಆ ರೋಗಿಯದ್ದೋ ಅಪ್ಪನದ್ದೋ ಯಾರೂ ಹೇಳಲಾರರು. ಅದಕ್ಕಾಗಿ ನಾನು ಕಾಗದ ಬರೆಯುತ್ತಿಲ್ಲ.

ಬರೆಯುತ್ತಿರುವುದು ಆ ಆಟಕ್ಕಾಗಿ. ಮಳೆಗಾಲದಲ್ಲಿ ಬಾಣಂತನಕ್ಕೆಂದು ನೀವಿಬ್ಬರೂ ಇಲ್ಲಿದ್ದಾಗ ಅಪ್ಪನ ಕೆಮ್ಮು ಕೇಳಿದರೆ ಪುಟ್ಟಿ ಕಿಲಕಿಲ ನಗುತ್ತಿದ್ದಳಲ್ಲ? ಮೊದಮೊದಲು ಅದು ತಾನಾಗಿ ಬರುವ ಕೆಮ್ಮು. ಆಮೇಲೆ ಅವಳನ್ನು ನಗಿಸಲೆಂದೇ ಅಪ್ಪ ಕೆಮ್ಮತೊಡಗಿದರು. ತೊಡೆಯ ಮೇಲೆ ಎದುರೆದುರು ಕೂರಿಸಿಕೊಂಡು, ಎರಡು ಸಲ ಕೆಮ್ಮಿ, ಹುಬ್ಬು ಏರಿಸಿ ಕಾಯುವುದು. ಅವಳೂ ಉಸಿರು ಹಿಡಿದು ಕಾಯುವುದು, ಮತ್ತೆ ಇಬ್ಬರೂ ನಗುವುದು. ನಾವೆಲ್ಲ ಸುತ್ತ ನಿಂತು ನೋಡಿದೆವು. ಯೂನಿಫಾರ್ಮಿನಲ್ಲಿ ಮಗುವನ್ನು ಮುಟ್ಟಬಾರದೆಂದು ಹಿತ್ತಿಲ ಬಚ್ಚಲಲ್ಲಿ ಮಿಂದು ಬಂದು, ಒದ್ದೆ ತಲೆಯಲ್ಲಿ ನಿಂತು, ನಾನೂ ನೋಡಿ ನಕ್ಕೆ. "ನರ್ಸ್ ಇರುವ ಮನೆಯೆಂದರೆ ಆಸ್ಪತ್ರೆಯೇ, ರೋಗವೆಲ್ಲ ಚಪ್ಪಲಿಯಲ್ಲಿ ಬರ್ತದೆ, ಮಗುವನ್ನು ಅಷ್ಟು ತಿಂಗಳು ಅಲ್ಲಿ ಬಿಡುವುದು ಬೇಡ" ಎಂದು ಬೇಬಿ ಅತ್ತೆ ಹೇಳಿದ್ದು ನನ್ನ ಕಿವಿಗೂ ಬಿದ್ದಿತ್ತು. ಆ ಮಾತಿಗಾಗಿ ನಾನು ಚಪ್ಪಲಿಯನ್ನು ಗೇಟಿನ ಹೊರಗೇ ಬಿಟ್ಟೆ. ರೋಗ ಒಳಗೆ ಕೂತು ಅವಳನ್ನು ಆಡಿಸುತ್ತಿತ್ತು.

ಅಮ್ಮ ನಿನ್ನೆಯಿಂದ ಒಂದೇ ಮಾತು ಹೇಳುತ್ತಿದ್ದಾರೆ. "ನಿನ್ನ ಕೈ ಉಬ್ಬಿದೆ ಅಲ್ವಾ ಕುಶಲಾ, ಅಷ್ಟು ಹೇಳು ಸಾಕು. ನಿನ್ನಿಂದ ಬಂತು ಅಂತ ಇರಲಿ. ನಿನಗೆ ಅದು ಕೆಲಸದ ಮೇಲೆ ಬಂದದ್ದು, ಯಾರೂ ಎಂತ ಹೇಳುವುದಿಲ್ಲ. ಅಪ್ಪನ ಹೆಸರು ಹೇಳಿದರೆ ಯಶ್ಮಿಯ ಅತ್ತೆ ಮನೆಯವರು ನಮ್ಮ ಪುಳ್ಳಿ ಪುಟ್ಟಿಯನ್ನು ಮತ್ತೆ ಈ ಜಗಲಿ ಹತ್ತಲು ಬಿಡುತ್ತಾರಾ?" ನನ್ನ ಹೆಸರು ಕೆಡುವುದು ನನಗೆ ದೊಡ್ಡದಲ್ಲ, ಬೇಬಿ ಅತ್ತೆಯ ಲೆಕ್ಕದಲ್ಲಿ ಅದು ಮೊದಲೇ ಕೆಟ್ಟಿದೆ. ಹಾಗಾಗಿಯೇ ಮೊದಲ ಹಾಳೆಯಲ್ಲಿ ಹಾಗೆ ಬರೆದೆ. ಬರೆದ ಮೇಲೆ ಪುಟ್ಟಿಯನ್ನು ನೋಡುವ ಡಾಕ್ಟರ್ ಜಾಗದಲ್ಲಿ ನಾನೇ ಕೂತು ಓದಿ ನೋಡಿದೆ. ನನ್ನ ಎಕ್ಸ್‌ರೇ ಶುಭ್ರವಾಗಿದೆ, ನನ್ನಿಂದ ಯಾರಿಗೂ ಬರಲು ಸಾಧ್ಯವಿಲ್ಲ. ಆ ಸುಳ್ಳು ನಂಬಿದರೆ ಮಗುವಿಗೆ ಪರೀಕ್ಷೆಯೇ ಬೇಡ ಎಂದು ಕಳಿಸಿಬಿಡಬಹುದು. ಮನೆಯಲ್ಲೇ ಕೆಮ್ಮುವವರು ಇದ್ದರು, ಅವರ ಎದುರೇ ಕೂತಿದ್ದಳು ಎಂದರೆ ಮಾತ್ರ ಸರಿಯಾಗಿ ಹುಡುಕುತ್ತಾರೆ. ನಿನ್ನ ಅತ್ತೆಗೆ ಏನು ಬೇಕಾದರೂ ಹೇಳು, ನನ್ನ ಚಪ್ಪಲಿಯ ಮೇಲೆಯೇ ಹಾಕು. ಡಾಕ್ಟರ್ ಎದುರು ಅಪ್ಪನ ಹೆಸರು ಹೇಳು.

ಪುಟ್ಟಿಗೆ ರೋಗ ಬಂದಿದೆ ಎಂದು ನಾನು ಹೇಳುತ್ತಿಲ್ಲ. ಬಾರದೆಯೂ ಇರಬಹುದು. ಆದರೆ ಅಷ್ಟು ಸಣ್ಣ ಮಕ್ಕಳಲ್ಲಿ ಕಾದು ನೋಡುವ ಪದ್ಧತಿ ಇಲ್ಲ. ಪರೀಕ್ಷೆ ಮಾಡಿಸಲೇಬೇಕು, ಎಲ್ಲ ಸರಿ ಇದ್ದರೂ ತಡೆಗೆ ಔಷಧಿ ಕೊಡುತ್ತಾರೆ. ಮುಂದಿನ ಗುರುವಾರ ಮಣಿಪಾಲದಲ್ಲಿ ಮಕ್ಕಳ ಡಾಕ್ಟರ್ ಹತ್ತಿರ ಹೇಳಿಟ್ಟಿದ್ದೇನೆ. ನೀನೂ ಎಕ್ಸ್‌ರೇ ತೆಗೆಸಬೇಕು. ಅಪ್ಪ ಈಗ ಮಾಸ್ಕ್ ಹಾಕಿಕೊಂಡು ಜಗಲಿಯ ಕೊನೆಯಲ್ಲಿ ಒಬ್ಬರೇ ಕೂರುತ್ತಾರೆ. ಕೆಮ್ಮು ಬಂದರೆ ಕುತ್ತಿಗೆಯ ನರ ಉಬ್ಬುವವರೆಗೆ ಅದುಮಿ ಹಿಡಿಯುತ್ತಾರೆ. ದಿನಾ ಸಂಜೆ "ಪಾಪುವಿನ ವೀಡಿಯೊ ಬಂತಾ?" ಎಂದು ಅಮ್ಮನ ಬೆನ್ನು ಹತ್ತುತ್ತಿದ್ದವರು ನಿನ್ನೆ ಕೇಳಲಿಲ್ಲ, ಇವತ್ತೂ ಇಲ್ಲ. ನೀನು ಮೊನ್ನೆ ಕಳಿಸಿದ್ದನ್ನು ಅವರಿನ್ನೂ ನೋಡಿಲ್ಲ. ನಾನೂ ಅವಸರದಲ್ಲಿ ಒಮ್ಮೆ ನೋಡಿ ನಕ್ಕು ಇಟ್ಟಿದ್ದೆ.

ಸೋಮವಾರ ಡ್ಯೂಟಿಗೆ ಹೋಗುವಾಗ ಇದನ್ನು ಅಂಚೆಗೆ ಹಾಕುತ್ತೇನೆ. ಧೈರ್ಯವಾಗಿರು. ಅಮ್ಮ ಅಪ್ಪನ ಆಶೀರ್ವಾದ ನಿಮ್ಮಿಬ್ಬರಿಗೂ ಉಂಟು. ಮಗಳನ್ನು ನೋಡಲು ಸುಕೇಶ್ ಅಬುಧಾಬಿಯಿಂದ ಫೋನ್ ಮಾಡಿದಾಗ ನನ್ನ ನೆನಪು ಹೇಳು. ಪುಟ್ಟಿಯ ಅಂಗಾಲಿಗೆ ನನ್ನದೊಂದು ಮುತ್ತು.

ನಿನ್ನ ಅಕ್ಕ,
ಕುಶಲಾ

ಮರೆತ ಮಾತು, ಶನಿವಾರ ಬೆಳಿಗ್ಗೆ: ಯಶ್ಮಿ, ಆ ವೀಡಿಯೊವನ್ನು ಇಯರ್‌ಫೋನ್ ಹಾಕಿ ಮತ್ತೆ ನೋಡಿದೆ. "ಅಜ್ಜನ ಬೀಡಿ ಕೆಮ್ಮು ಇವಳಿಗೂ ಬಂತು ನೋಡಿ" ಎಂದು ನೀನು ನಗುವುದು ಕೇಳುತ್ತದೆ. ಅಣಕಿಸುವುದು ಎಂದು ನಾವೆಲ್ಲ ಅಂದುಕೊಂಡೆವು. ಆದರೆ ಆಟದಲ್ಲಿ ಅವಳು ಕಾಯುತ್ತಿದ್ದಳು, ನೆನಪುಂಟಾ? ಇದರಲ್ಲಿ ಅವಳು ಕಾಯುವುದಿಲ್ಲ. ಕೆಮ್ಮುತ್ತಾಳೆ, ಯಾರ ಮುಖವನ್ನೂ ನೋಡುವುದಿಲ್ಲ, ಚಮಚದ ಕಡೆಗೆ ತಿರುಗುತ್ತಾಳೆ. ಬರೀ ಶೀತವೂ ಇರಬಹುದು. ಇನ್ನೊಮ್ಮೆ ಹೆಸರಿಟ್ಟು ಸುಮ್ಮನಿರಲು ನನ್ನಿಂದಾಗದು. ಗುರುವಾರ ಬೇಡ, ಸೋಮವಾರವೂ ಬೇಡ. ಈಗಲೇ ನಿಮ್ಮ ಮನೆಗೆ ಹೊರಟಿದ್ದೇನೆ, ಪಡುಬಿದ್ರಿಯಲ್ಲಿ ಇಳಿದು ಕಾರ್ಕಳದ ಬಸ್ಸು ಹಿಡಿಯುತ್ತೇನೆ, ಇವತ್ತೇ ನಿಮ್ಮಿಬ್ಬರನ್ನೂ ಮಣಿಪಾಲಕ್ಕೆ ಕರೆದುಕೊಂಡು ಹೋಗುತ್ತೇನೆ. ಆದರೂ ಕಾಗದವನ್ನು ಕಳಿಸುತ್ತೇನೆ. ಬೇಬಿ ಅತ್ತೆಯ ಎದುರು ಕೂತಾಗ ನನ್ನ ಬಾಯಿ ಕಟ್ಟಿ, ಅಪ್ಪನ ಹೆಸರು ಬಿಟ್ಟು ಬೇರೆಲ್ಲ ಹೇಳಿಬಿಟ್ಟರೆ, ಉಳಿದದ್ದನ್ನು ಇದು ಹೇಳಲಿ. ದಾರಿಯಲ್ಲಿ ಕಾಪು ಅಂಚೆ ಕಚೇರಿಯಲ್ಲಿ ಹಾಕುತ್ತೇನೆ: ಇಂದೇ, ಶನಿವಾರ, ನವೆಂಬರ್ 15.